ಕಮ್ಯುನಿಟಿ ಕಾಲೇಜಿನ ಮೊದಲ ವರ್ಷ: ಮೂರು ದಾರಿಗಳಲ್ಲಿ ಯಾವುದಕ್ಕೆ ತಕ್ಕ ತರಗತಿಗಳು?

ಪ್ರತಿ ವರ್ಷ ಮೇ ತಿಂಗಳು ಕಳೆಯುವ ಹೊತ್ತಿಗೆ ಕ್ಯಾಲಿಫೋರ್ನಿಯದ ಬೇ ಏರಿಯಾದ ಹಲವು ಕನ್ನಡ ಮನೆಗಳಲ್ಲಿ ಒಂದೇ ಚರ್ಚೆ ನಡೆಯುತ್ತಿರುತ್ತದೆ. ಹೈಸ್ಕೂಲು ಮುಗಿಸಿದ ಮಗನೋ ಮಗಳೋ ಡಿ ಆಂಜಾ, ಫುಟ್‌ಹಿಲ್, ಓಲೋನಿ, ಮಿಷನ್ ಅಥವಾ ವೆಸ್ಟ್ ವ್ಯಾಲಿಯಂಥ ಕಮ್ಯುನಿಟಿ ಕಾಲೇಜಿಗೆ ಸೇರುವುದೆಂದು ತೀರ್ಮಾನವಾಗಿದೆ. ಎರಡು ವರ್ಷದ ಮೇಲೆ ಯೂಸಿ ಅಥವಾ ಸಿಎಸ್‌ಯು ಎಂಬ ರಾಜ್ಯದ ವಿಶ್ವವಿದ್ಯಾಲಯಗಳ ಕ್ಯಾಂಪಸ್ಸೊಂದಕ್ಕೆ ಟ್ರಾನ್ಸ್‌ಫರ್ ಆಗುವುದೂ ತೀರ್ಮಾನವಾಗಿದೆ. ತೀರ್ಮಾನವಾಗದೆ ಉಳಿದಿರುವುದು ಮೊದಲ ಸೆಮಿಸ್ಟರಿನಲ್ಲಿ ಯಾವ ನಾಲ್ಕು ತರಗತಿಗಳಿಗೆ ಹೆಸರು ಕೊಡಬೇಕು ಎಂಬುದು. ನಮ್ಮ ಕಾಲದಲ್ಲಿ ಊರಲ್ಲಿ ಪಿಯುಸಿಗೆ ಸೇರುವಾಗ ಅರ್ಜಿಯಲ್ಲಿ ಪಿಸಿಎಂಬಿ ಎಂದೋ ಪಿಸಿಎಂಸಿ ಎಂದೋ ಬರೆದರೆ ಅಲ್ಲಿಗೆ ಯೋಚನೆ ಮುಗಿಯುತ್ತಿತ್ತು, ಮಿಕ್ಕಿದ್ದನ್ನೆಲ್ಲ ಬೋರ್ಡು ಗೊತ್ತುಮಾಡುತ್ತಿತ್ತು. ಇಲ್ಲಿ ಕಾಂಬಿನೇಷನ್ನನ್ನು ವಿದ್ಯಾರ್ಥಿಯೇ ಕಟ್ಟಿಕೊಳ್ಳಬೇಕು. ತಪ್ಪು ಕಟ್ಟಿದರೆ ಯಾರೂ ತಡೆಯುವುದಿಲ್ಲ. ಒಂದೂವರೆ ವರ್ಷ ಕಳೆದ ಮೇಲೆ ಅದು ತಾನಾಗಿಯೇ ತಿಳಿಯುತ್ತದೆ.

ನಮ್ಮ ಮನೆಯಲ್ಲಿ ತಿಳಿದದ್ದೂ ಹಾಗೆಯೇ. ಜೀವಶಾಸ್ತ್ರ ಓದಬೇಕೆಂದಿದ್ದ ಮಗಳು ಮೊದಲ ವರ್ಷ ಕಲೆ, ಇತಿಹಾಸ, ಸಮಾಜಶಾಸ್ತ್ರದಂಥ ತರಗತಿಗಳನ್ನು ಮುಗಿಸಿಕೊಂಡು ರಸಾಯನಶಾಸ್ತ್ರವನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಂಡಳು. ಎಲ್ಲದರಲ್ಲೂ ಒಳ್ಳೆಯ ಗ್ರೇಡೇ ಬಂದಿತ್ತು. ಆದರೆ ಸಾಮಾನ್ಯ ರಸಾಯನಶಾಸ್ತ್ರದ ಎರಡು ಸೆಮಿಸ್ಟರ್ ಮುಗಿಯದೆ ಸಾವಯವ ರಸಾಯನಶಾಸ್ತ್ರಕ್ಕೆ ಪ್ರವೇಶವಿಲ್ಲ, ಅದಕ್ಕೆ ಮತ್ತೆರಡು ಸೆಮಿಸ್ಟರ್ ಬೇಕು ಎಂಬ ಸರಳ ಲೆಕ್ಕವನ್ನು ನಾವ್ಯಾರೂ ಮಾಡಿರಲಿಲ್ಲವಾದ್ದರಿಂದ ಎರಡು ವರ್ಷದ ಯೋಜನೆ ಮೂರು ವರ್ಷದ್ದಾಯಿತು. ಅಂದಿನಿಂದ ಪರಿಚಿತರು ಕೇಳಿದಾಗಲೆಲ್ಲ ಹೇಳುತ್ತ ಬಂದಿರುವುದನ್ನೇ ಇಲ್ಲಿ ಬರೆದಿದ್ದೇನೆ.

ಎರಡು ವಿಶ್ವವಿದ್ಯಾಲಯ ವ್ಯವಸ್ಥೆಗಳ ಬಗ್ಗೆ ಮೊದಲೇ ಸ್ವಲ್ಪ ಹೇಳಬೇಕು. 1960ರ ಮಾಸ್ಟರ್ ಪ್ಲ್ಯಾನಿನ ಪ್ರಕಾರ ರಾಜ್ಯದ ಸಾರ್ವಜನಿಕ ಉನ್ನತ ಶಿಕ್ಷಣ ಮೂರು ಹಂತಗಳಲ್ಲಿ ಹಂಚಿಕೆಯಾಗಿದೆ. ಬರ್ಕ್‌ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೋ, ಡೇವಿಸ್, ಅರ್ವೈನ್ ಮೊದಲಾಗಿ ಪದವಿ ತರಗತಿಗಳಿರುವ ಒಂಬತ್ತು ಕ್ಯಾಂಪಸ್ಸುಗಳ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯ, ಅಂದರೆ ಯೂಸಿ. ಸ್ಯಾನ್ ಹೋಸೆ ಸ್ಟೇಟ್, ಈಸ್ಟ್ ಬೇ, ಕ್ಯಾಲ್ ಪಾಲಿ ಮೊದಲಾದವು ಸೇರಿದ ಕ್ಯಾಲಿಫೋರ್ನಿಯ ಸ್ಟೇಟ್ ಯೂನಿವರ್ಸಿಟಿ, ಅಂದರೆ ಸಿಎಸ್‌ಯು. ಮತ್ತು ನೂರಕ್ಕೂ ಹೆಚ್ಚು ಕಮ್ಯುನಿಟಿ ಕಾಲೇಜುಗಳು. ಮೂರನೆಯ ವರ್ಷಕ್ಕೆ ನೇರವಾಗಿ ಸೇರಬೇಕಾದರೆ ಯೂಸಿಯೂ ಸಿಎಸ್‌ಯುವೂ ಟ್ರಾನ್ಸ್‌ಫರ್‌ಗೆ ಒದಗುವ 60 ಸೆಮಿಸ್ಟರ್ ಯೂನಿಟ್, ಅಥವಾ 90 ಕ್ವಾರ್ಟರ್ ಯೂನಿಟ್ ಕೇಳುತ್ತವೆ (ಯೂನಿಟ್ ಎಂದರೆ ತರಗತಿಯ ತೂಕವನ್ನು ಅಳೆಯುವ ಲೆಕ್ಕ). ಆ 60 ಯೂನಿಟ್ಟುಗಳ ಒಳಗೆ ಏನೇನು ಇರಬೇಕು ಎಂಬುದರಲ್ಲಿ ಮೂರು ದಾರಿಗಳು ಬೇರೆಯಾಗುತ್ತವೆ: ಯೂಸಿಯ ಕನಿಷ್ಠವನ್ನು ಪೂರೈಸಿ ಉಳಿದದ್ದನ್ನು ಮೇಜರಿಗೆ, ಅಂದರೆ ಪದವಿಯ ಮುಖ್ಯ ವಿಷಯಕ್ಕೆ, ಕೊಡುವುದು; ಕ್ಯಾಲ್-ಗೆಟ್ಸಿ ಎಂಬ ಸಾಮಾನ್ಯ ಶಿಕ್ಷಣದ (ಮೇಜರ್ ಯಾವುದಾದರೂ ಓದಬೇಕಾದ ವಿಷಯಗಳ) ಪಟ್ಟಿ; ಎಡಿಟಿ ಎಂಬ ಎರಡು ವರ್ಷದ ಟ್ರಾನ್ಸ್‌ಫರ್ ಪದವಿ.

ಅಳೆಯುವುದು ಹೇಗೆ?

ದಾರಿಗಳನ್ನು ಹೋಲಿಸುವ ಮೊದಲು ಅಳತೆಗೋಲುಗಳನ್ನು ಗೊತ್ತುಮಾಡಿಕೊಳ್ಳಬೇಕು. ನನ್ನ ಮಟ್ಟಿಗೆ ಅವು ನಾಲ್ಕು, ಅವುಗಳಲ್ಲಿ ಮೊದಲನೆಯದೇ ಮುಖ್ಯ.

ಅದು ಸರಪಳಿಯ ಉದ್ದ. ಕೆಲವು ತರಗತಿಗಳು ಒಂಟಿಯಾಗಿ ನಿಲ್ಲುತ್ತವೆ, ಕಲಾ ಇತಿಹಾಸವನ್ನು ಯಾವ ಸೆಮಿಸ್ಟರಿನಲ್ಲಿ ಓದಿದರೂ ನಡೆಯುತ್ತದೆ. ಇನ್ನು ಕೆಲವು ಒಂದರ ಹಿಂದೊಂದು ಪೋಣಿಸಿಕೊಂಡಿರುತ್ತವೆ: ಕ್ಯಾಲ್ಕುಲಸ್ ಒಂದು ಆಗದೆ ಎರಡಿಲ್ಲ, ಕ್ಯಾಲ್ಕುಲಸ್ ಇಲ್ಲದೆ ಇಂಜಿನಿಯರಿಂಗಿಗೆ ಬೇಕಾದ ಭೌತಶಾಸ್ತ್ರವಿಲ್ಲ, ಮೊದಲ ಭೌತಶಾಸ್ತ್ರವಿಲ್ಲದೆ ವಿದ್ಯುತ್ಕಾಂತತೆಯ ತರಗತಿಯಿಲ್ಲ. ಇದಕ್ಕೆ ಅರ್ಜಿಯ ಕಾಲವನ್ನೂ ಸೇರಿಸಿ ನೋಡಿ. ಯೂಸಿಗೂ ಸಿಎಸ್‌ಯುಗೂ ಅರ್ಜಿ ಹಾಕುವುದು ಎರಡನೆಯ ವರ್ಷದ ಅಕ್ಟೋಬರ್–ನವೆಂಬರಿನಲ್ಲಿ. ಆ ಹೊತ್ತಿಗೆ ಕೈಯಲ್ಲಿರುವುದು ಮೊದಲ ವರ್ಷದ ಗ್ರೇಡುಗಳು ಮತ್ತು ಬೇಸಿಗೆಯಲ್ಲಿ ಏನಾದರೂ ಓದಿದ್ದರೆ ಅದು ಮಾತ್ರ. ನಡೆಯುತ್ತಿರುವ ಸೆಮಿಸ್ಟರಿನ ಗ್ರೇಡನ್ನು ಯೂಸಿಗೆ ಜನವರಿಯಲ್ಲಿ ತಿಳಿಸಬಹುದು, ಆದರೆ ಅರ್ಜಿ ಓದುವವರು ಹುಡುಕುವುದು ಮೇಜರಿಗೆ ಬೇಕಾದ ಸರಪಳಿ ಮೊದಲ ವರ್ಷದಲ್ಲೇ ಶುರುವಾಗಿದೆಯೇ ಎಂಬುದನ್ನು. ಎರಡು ವರ್ಷದ ಕಾಲೇಜು ಎಂಬ ಮಾತು ಮೋಸಗೊಳಿಸುವುದು ಇಲ್ಲಿಯೇ.

ಎರಡನೆಯದು, ಆರಿಸಿದ ದಾರಿ ಎಷ್ಟು ಬಾಗಿಲುಗಳನ್ನು ತೆರೆದಿಡುತ್ತದೆ ಎಂಬುದು. ಮೂರನೆಯದು ಹಣ: ರಾಜ್ಯದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನ ಶುಲ್ಕ ಸೆಮಿಸ್ಟರ್ ಯೂನಿಟ್ಟಿಗೆ 46 ಡಾಲರ್, ಅಂದರೆ 30 ಯೂನಿಟ್ಟಿನ ವರ್ಷವೊಂದಕ್ಕೆ 1,380 ಡಾಲರ್, ಸಿಎಸ್‌ಯುವಿನಲ್ಲಿ ವರ್ಷಕ್ಕೆ 6,000 ಡಾಲರಿಗೂ ಮೇಲೆ, ಯೂಸಿಯಲ್ಲಿ 14,000ಕ್ಕೂ ಮೇಲೆ, ಊಟ ವಸತಿ ಬೇರೆ. ಇಲ್ಲಿ ಬಿಟ್ಟುಹೋದ ತರಗತಿಯೊಂದನ್ನು ಅಲ್ಲಿ ಹೋಗಿ ಓದುವುದೆಂದರೆ ಅದೇ ಸರಕನ್ನು ಹಲವು ಪಟ್ಟು ಬೆಲೆ ಕೊಟ್ಟು ಕೊಂಡಂತೆ. ನಾಲ್ಕನೆಯದು ಗ್ರೇಡಿನ ಅಪಾಯ. ಸಿ ಬಂದರೆ ಅವಶ್ಯಕತೆ ಪೂರೈಸಿದಂತಾಗುತ್ತದೆ, ಆದರೆ ಇಲ್ಲಿನ ಕಮ್ಯುನಿಟಿ ಕಾಲೇಜುಗಳಲ್ಲಿ ಸಿ ಬಂದ ತರಗತಿಯನ್ನು ಗ್ರೇಡು ಸುಧಾರಿಸಲೆಂದು ಮತ್ತೆ ಓದಲು ಸಾಮಾನ್ಯವಾಗಿ ಬಿಡುವುದಿಲ್ಲ. ಆ ಅವಕಾಶ ಇರುವುದು ಡಿ, ಎಫ್ ಬಂದವರಿಗೆ. ಊರಿನ ಇಂಪ್ರೂವ್‌ಮೆಂಟ್ ಪರೀಕ್ಷೆಯನ್ನು ಮನಸ್ಸಿನಲ್ಲಿಟ್ಟುಕೊಂಡ ತಂದೆತಾಯಿಗಳಿಗೆ ಇದು ವಿಚಿತ್ರವೆನಿಸಬಹುದು. ಮೊದಲ ಸೆಮಿಸ್ಟರಿನಲ್ಲೇ ಮೂರು ಕಠಿಣ ತರಗತಿಗಳನ್ನು ಹೇರಿ ಎರಡರಲ್ಲಿ ಸಿ ತಂದುಕೊಂಡರೆ ಅದು ಅಲ್ಲೇ ಉಳಿಯುತ್ತದೆ.

ಮೂರೂ ದಾರಿಗಳಿಗೆ ಸೇರುವ ನಾಲ್ಕು ತರಗತಿಗಳು

ಇಂಗ್ಲಿಷ್ ಬರವಣಿಗೆಯ ಮೊದಲ ತರಗತಿ, ವಿಮರ್ಶಾತ್ಮಕ ಚಿಂತನೆ ಮತ್ತು ಬರವಣಿಗೆ ಸೇರಿದ ಎರಡನೆಯ ತರಗತಿ, ಸಭೆಯಲ್ಲಿ ಮಾತನಾಡುವುದನ್ನು ಕಲಿಸುವ ಭಾಷಣದ ತರಗತಿ, ಮತ್ತು ಟ್ರಾನ್ಸ್‌ಫರ್ ಮಟ್ಟದ ಒಂದು ಗಣಿತ. ಸಿಎಸ್‌ಯು ವಲಯದಲ್ಲಿ ಈ ನಾಲ್ಕಕ್ಕೆ ಗೋಲ್ಡನ್ ಫೋರ್ ಎಂಬ ಹೆಸರಿದೆ. ಇವು ನಾಲ್ಕೂ ಆಗದೆ ಅಲ್ಲಿ ಮೂರನೆಯ ವರ್ಷಕ್ಕೆ ಪ್ರವೇಶವಿಲ್ಲ. ಯೂಸಿ ಕೇಳುವ ಎರಡು ಇಂಗ್ಲಿಷ್ ಮತ್ತು ಒಂದು ಗಣಿತವೂ ಇವುಗಳಲ್ಲೇ ಬಂದುಬಿಡುತ್ತವೆ. ಭಾಷಣದ ತರಗತಿಯೊಂದನ್ನು ಮಾತ್ರ ಯೂಸಿ ತನ್ನ ಕನಿಷ್ಠ ಅರ್ಹತೆಗೆ ಕೇಳುವುದಿಲ್ಲ. ಆದರೂ ಮೂರೇ ಯೂನಿಟ್ಟಿನ ಈ ತರಗತಿ ಸಿಎಸ್‌ಯುವಿನ ಬಾಗಿಲನ್ನೇ ತೆರೆದಿಡುವುದರಿಂದ, ಬರ್ಕ್‌ಲಿಯ ಹೊರತು ಬೇರೆಲ್ಲಿಗೂ ಹೋಗುವುದಿಲ್ಲವೆಂದು ಹಟ ಹಿಡಿದವರೂ ಅದನ್ನು ಮೊದಲ ವರ್ಷದಲ್ಲಿ ಮುಗಿಸುವುದು ಲೇಸು.

ಹೀಗಾಗಿ ಮೊದಲ ವರ್ಷದ ಎಂಟು ಒಂಬತ್ತು ಸ್ಥಾನಗಳಲ್ಲಿ ನಾಲ್ಕು ಭರ್ತಿಯಾದವು. ಚರ್ಚೆ ಏನಿದ್ದರೂ ಮಿಕ್ಕವುಗಳ ಬಗ್ಗೆ. ಗಣಿತ ಯಾವುದು ಎಂಬಲ್ಲಿಯೇ ದಾರಿ ಕವಲೊಡೆಯುತ್ತದೆ: ಮನಶ್ಶಾಸ್ತ್ರ, ಸಮಾಜಶಾಸ್ತ್ರದವರಿಗೆ ಸಂಖ್ಯಾಶಾಸ್ತ್ರ ಸಾಕು, ವಿಜ್ಞಾನ, ಇಂಜಿನಿಯರಿಂಗ್, ಅರ್ಥಶಾಸ್ತ್ರದವರಿಗೆ ಕ್ಯಾಲ್ಕುಲಸ್ ಬೇಕು. ಸಂಖ್ಯಾಶಾಸ್ತ್ರ ಸುಲಭವೆಂದು ಯಾರೋ ಹೇಳಿದ ಮಾತು ಕೇಳಿ ಇಂಜಿನಿಯರಿಂಗ್ ಆಸೆಯ ಹುಡುಗ ಅದನ್ನು ತೆಗೆದುಕೊಂಡರೆ ಗಣಿತದ ಅವಶ್ಯಕತೆ ಕಾಗದದ ಮೇಲೆ ಪೂರೈಸಿದರೂ ಸರಪಳಿ ಒಂದಿಂಚೂ ಮುಂದೆ ಸಾಗಿರುವುದಿಲ್ಲ.

ಮೊದಲನೆಯ ದಾರಿ: ಏಳು ತರಗತಿಗಳ ಕನಿಷ್ಠ ಮತ್ತು ಮೇಜರಿನ ಸಿದ್ಧತೆ

ಯೂಸಿಗೆ ಅರ್ಹತೆ ಪಡೆಯಲು ಏಳು ತರಗತಿಗಳು ಸಾಕು: ಎರಡು ಇಂಗ್ಲಿಷ್, ಒಂದು ಗಣಿತ, ಮತ್ತು ಕಲೆ–ಮಾನವಿಕ, ಸಮಾಜ ವಿಜ್ಞಾನ, ಭೌತ–ಜೀವ ವಿಜ್ಞಾನ ಎಂಬ ಮೂರು ಗುಂಪುಗಳಲ್ಲಿ ಕನಿಷ್ಠ ಎರಡರಿಂದ ಆರಿಸಿದ ನಾಲ್ಕು. ಪ್ರತಿಯೊಂದರಲ್ಲೂ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡು ಇರಬೇಕು, ಗ್ರೇಡುಗಳ ಒಟ್ಟು ಸರಾಸರಿ (ಜಿಪಿಎ) ರಾಜ್ಯದ ನಿವಾಸಿಗಳಿಗೆ 2.4, ಉಳಿದವರಿಗೆ 2.8. ಇದು ಅರ್ಜಿ ಹಾಕಲು ಬೇಕಾದ ಕನಿಷ್ಠವೇ ಹೊರತು ಸೀಟಿನ ಭರವಸೆಯಲ್ಲ. ನೂಕುನುಗ್ಗಲಿನ ಮೇಜರುಗಳಲ್ಲಿ ಸೀಟು ಸಿಗುವ ಸರಾಸರಿ ಇದಕ್ಕಿಂತ ಬಹಳ ಮೇಲಿರುತ್ತದೆ.

ಇದರ ಲಾಭ ತಿಳಿಯಬೇಕಾದರೆ ಇಂಜಿನಿಯರಿಂಗ್ ವಿದ್ಯಾರ್ಥಿಯ ಯೂನಿಟ್ ಲೆಕ್ಕ ನೋಡಬೇಕು. ಕ್ಯಾಲ್ಕುಲಸ್ಸಿನ ಮೂರು ತರಗತಿಗಳು, ಲೀನಿಯರ್ ಆಲ್ಜೀಬ್ರಾ, ಡಿಫರೆನ್ಷಿಯಲ್ ಈಕ್ವೇಷನ್, ಭೌತಶಾಸ್ತ್ರದ ಎರಡು ಮೂರು ತರಗತಿಗಳು, ರಸಾಯನಶಾಸ್ತ್ರ, ಪ್ರೋಗ್ರಾಮಿಂಗ್, ಶಾಖೆಗೆ ತಕ್ಕ ಇನ್ನೊಂದೆರಡು. ಇಷ್ಟರಲ್ಲೇ ಸುಲಭವಾಗಿ 40 ಯೂನಿಟ್ ದಾಟುತ್ತದೆ. ಇದರ ಮೇಲೆ 34 ಯೂನಿಟ್ಟಿನ ಸಾಮಾನ್ಯ ಶಿಕ್ಷಣದ ಪೂರ್ತಿ ಕಟ್ಟನ್ನು ಹೊತ್ತರೆ, ಎರಡೂ ಕಡೆ ಲೆಕ್ಕಕ್ಕೆ ಬರುವ ಕ್ಯಾಲ್ಕುಲಸ್ ಮತ್ತು ಭೌತಶಾಸ್ತ್ರದ ಏಳೆಂಟು ಯೂನಿಟ್ ಕಳೆದ ಮೇಲೂ ಮೊತ್ತ 60ರ ಒಳಗೆ ನಿಲ್ಲುವುದಿಲ್ಲ. ಆದುದರಿಂದ ಇಂಜಿನಿಯರಿಂಗ್, ಭೌತಶಾಸ್ತ್ರ, ರಸಾಯನಶಾಸ್ತ್ರದವರು ಯೂಸಿಯನ್ನೇ ಗುರಿಯಾಗಿಟ್ಟುಕೊಂಡಿದ್ದರೆ ಏಳು ತರಗತಿಗಳ ಕನಿಷ್ಠವನ್ನು ಪೂರೈಸಿ ಉಳಿದ ಜಾಗವನ್ನೆಲ್ಲ ಮೇಜರಿಗೆ ಕೊಡುವುದು ಸರಿ. ಈ ಏಳರಲ್ಲಿ ಗಣಿತವೂ ನಾಲ್ಕರಲ್ಲಿ ಎರಡು ಮೂರು ವಿಜ್ಞಾನಗಳೂ ಮೇಜರಿನವೇ ಆಗಿರುವುದರಿಂದ ಹೊರೆ ಇನ್ನಷ್ಟು ಇಳಿಯುತ್ತದೆ.

ನಷ್ಟವೂ ಇದೆ. ಸಾಮಾನ್ಯ ಶಿಕ್ಷಣ ಮುಗಿಯದೆ ಹೋದವರಿಗೆ ಸೇರಿದ ಕ್ಯಾಂಪಸ್ಸಿನ ಸ್ವಂತ ನಿಯಮಗಳು ಅನ್ವಯಿಸುತ್ತವೆ; ಉಳಿದ ಕಲೆ, ಮಾನವಿಕ ತರಗತಿಗಳನ್ನು ಅಲ್ಲಿ ಯೂಸಿಯ ಶುಲ್ಕ ಕೊಟ್ಟು ಓದಬೇಕು. ಇನ್ನೂ ದೊಡ್ಡ ಅಪಾಯವೆಂದರೆ ಮನಸ್ಸು ಬದಲಾಗುವುದು. ಒಂದು ವರ್ಷದ ಕ್ಯಾಲ್ಕುಲಸ್ ಮತ್ತು ಭೌತಶಾಸ್ತ್ರ ಮುಗಿಸಿದ ಮೇಲೆ ತನಗೆ ಬೇಕಿರುವುದು ರಾಜ್ಯಶಾಸ್ತ್ರ ಎಂದು ಗೊತ್ತಾದರೆ, ಓದಿದ್ದು ವ್ಯರ್ಥವಾಗದಿದ್ದರೂ ಮುಂದಿನ ವರ್ಷ ತುಂಬ ಬಿಗಿಯಾಗುತ್ತದೆ.

ಎರಡನೆಯ ದಾರಿ: ಕ್ಯಾಲ್-ಗೆಟ್ಸಿ

ಹಿಂದೆ ಯೂಸಿಗೆ ಐಗೆಟ್ಸಿ ಎಂಬ ಪಟ್ಟಿಯೂ ಸಿಎಸ್‌ಯುಗೆ ಅದರದೇ ಆದ ಇನ್ನೊಂದು ಪಟ್ಟಿಯೂ ಇದ್ದವು. ನಿಮ್ಮ ಪರಿಚಯದ ಹಿರಿಯ ವಿದ್ಯಾರ್ಥಿಗಳು ಕೊಡುವ ಸಲಹೆ ಬಹುಮಟ್ಟಿಗೆ ಆ ಹಳೆಯ ಪಟ್ಟಿಗಳದು ಎಂಬುದನ್ನು ಮರೆಯಬಾರದು. 2021ರ ಎಬಿ 928 ಕಾಯಿದೆಯ ಪ್ರಕಾರ 2025ರ ಫಾಲ್‌ನಿಂದ (ಶರತ್ಕಾಲದ ಟರ್ಮಿನಿಂದ) ಹೊಸದಾಗಿ ಸೇರುವವರಿಗೆ ಇವೆರಡರ ಬದಲು ಕ್ಯಾಲ್-ಗೆಟ್ಸಿ ಎಂಬ ಒಂದೇ ಪಟ್ಟಿ ಬಂದಿದೆ: ಹನ್ನೊಂದು ತರಗತಿ, 34 ಸೆಮಿಸ್ಟರ್ ಯೂನಿಟ್. ಮೇಲಿನ ನಾಲ್ಕು ತರಗತಿಗಳು. ಕಲೆ ಒಂದು, ಮಾನವಿಕ ಒಂದು. ಸಮಾಜ ವಿಜ್ಞಾನ ಎರಡು. ಭೌತ ವಿಜ್ಞಾನ ಒಂದು, ಜೀವ ವಿಜ್ಞಾನ ಒಂದು, ಇವೆರಡರಲ್ಲಿ ಒಂದಕ್ಕೆ ಪ್ರಯೋಗಾಲಯ. ಕೊನೆಗೆ ಎತ್ನಿಕ್ ಸ್ಟಡೀಸ್, ಅಂದರೆ ಜನಾಂಗೀಯ ಸಮುದಾಯಗಳ ಅಧ್ಯಯನ, ಒಂದು. ಐಗೆಟ್ಸಿಯಲ್ಲಿ ಯೂಸಿಗೆ ಹೋಗುವವರು ಇಂಗ್ಲಿಷಲ್ಲದ ಭಾಷೆಯೊಂದನ್ನು ತೋರಿಸಬೇಕಿತ್ತು, ಆರನೆಯ ತರಗತಿ ಅಥವಾ ಅದಕ್ಕಿಂತ ಮೇಲೆ ಎರಡು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಅದು ದಾಖಲೆ ತೋರಿಸಿ ಮುಗಿಸಬಹುದಾದ ಕೆಲಸವಾಗಿತ್ತು. ಹೊಸ ಪಟ್ಟಿಯಲ್ಲಿ ಆ ವಿಭಾಗವೇ ಇಲ್ಲ. ಆದರೆ ಕೆಲವು ಕ್ಯಾಂಪಸ್ಸುಗಳು ಪದವಿಗೆ ಭಾಷೆಯನ್ನು ಪ್ರತ್ಯೇಕವಾಗಿ ಕೇಳುತ್ತವೆಯಾದ್ದರಿಂದ ಊರಿನ ಅಂಕಪಟ್ಟಿಗಳನ್ನು ಎಸೆಯಬೇಡಿ.

ಈ ಕಟ್ಟನ್ನು ಪೂರೈಸಿ ಕಾಲೇಜಿನಿಂದ ಪ್ರಮಾಣೀಕರಣ ಪಡೆದವರಿಗೆ ಎರಡೂ ವ್ಯವಸ್ಥೆಗಳಲ್ಲಿ ಮೊದಲೆರಡು ವರ್ಷದ ಸಾಮಾನ್ಯ ಶಿಕ್ಷಣ ಮುಗಿದಂತೆ. ಆ ಪ್ರಮಾಣೀಕರಣ ತಾನಾಗಿ ಹೋಗುತ್ತದೆಂದು ನಂಬಿ ಕೂರದೆ, ಕೊನೆಯ ಸೆಮಿಸ್ಟರಿನಲ್ಲಿ ಕೇಳಿ ಕಳುಹಿಸಿಕೊಳ್ಳಬೇಕು. ಅರ್ಥಶಾಸ್ತ್ರ, ಮನಶ್ಶಾಸ್ತ್ರ, ಇಂಗ್ಲಿಷ್, ಇತಿಹಾಸ, ರಾಜ್ಯಶಾಸ್ತ್ರದಂಥ ಮೇಜರಿನವರಿಗೆ, ಹಾಗೂ ಯೂಸಿಯೋ ಸಿಎಸ್‌ಯುವೋ ಎಂದು ಗೊತ್ತಿಲ್ಲದವರಿಗೆ ಇದು ಸೂಕ್ತ.

ಜಾಣತನ ತೋರಿಸಬೇಕಾದ ಜಾಗ ಒಂದೇ ತರಗತಿ ಎರಡು ಕಡೆ ಸಲ್ಲುವಂತೆ ಆರಿಸುವುದರಲ್ಲಿದೆ. ಮನಶ್ಶಾಸ್ತ್ರದ ವಿದ್ಯಾರ್ಥಿಗೆ ಸಂಖ್ಯಾಶಾಸ್ತ್ರ ಗಣಿತದ ವಿಭಾಗವನ್ನೂ ಮೇಜರನ್ನೂ ತುಂಬುತ್ತದೆ, ಜೀವಶಾಸ್ತ್ರ ಜೀವ ವಿಜ್ಞಾನವನ್ನೂ ಮೇಜರನ್ನೂ ತುಂಬುತ್ತದೆ. ಸಿಎಸ್‌ಯು ಪದವಿಗೆ ಅಮೆರಿಕದ ಇತಿಹಾಸ ಮತ್ತು ಸಂವಿಧಾನದ ಅರಿವು ಕಡ್ಡಾಯ. ಅಮೆರಿಕನ್ ಸರ್ಕಾರದ ತರಗತಿಯನ್ನು ಸಮಾಜ ವಿಜ್ಞಾನಕ್ಕೂ, ಅಮೆರಿಕದ ಇತಿಹಾಸವನ್ನು ಮಾನವಿಕಕ್ಕೋ ಸಮಾಜ ವಿಜ್ಞಾನಕ್ಕೋ ಲೆಕ್ಕ ಹಾಕಿಕೊಂಡರೆ ಅದಕ್ಕಾಗಿ ಬೇರೆ ಯೂನಿಟ್ ವ್ಯಯಿಸಬೇಕಾಗಿಲ್ಲ. ಇದಕ್ಕೆ ವಿರುದ್ಧವಾದ ಬಲೆಯೂ ಒಂದಿದೆ. ಸಮಾಜ ವಿಜ್ಞಾನದ ಎರಡು ತರಗತಿಗಳು ಎರಡು ಬೇರೆ ಬೇರೆ ಶಾಸ್ತ್ರಗಳಿಂದ ಬರಬೇಕು. ಸೂಕ್ಷ್ಮ ಅರ್ಥಶಾಸ್ತ್ರ ಮತ್ತು ಸ್ಥೂಲ ಅರ್ಥಶಾಸ್ತ್ರ ಎರಡನ್ನೂ ಓದಿದ ಬಿಸಿನೆಸ್ ವಿದ್ಯಾರ್ಥಿ ವಿಭಾಗ ಮುಗಿಯಿತೆಂದು ಕುಳಿತರೆ, ಎರಡೂ ಒಂದೇ ಶಾಸ್ತ್ರವಾದುದರಿಂದ ಒಂದು ಬಾಕಿ ಉಳಿದಿರುತ್ತದೆ.

ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಗಳ ವಿಷಯವನ್ನೂ ಇಲ್ಲಿಯೇ ಹೇಳಬೇಕು, ಏಕೆಂದರೆ ನಮ್ಮ ಮಕ್ಕಳಲ್ಲಿ ಬಹುಮಂದಿ ನಾಲ್ಕೈದು ಎಪಿ ಅಂಕಗಳನ್ನು ಹೊತ್ತೇ ಬರುತ್ತಾರೆ. ಮೂರು ಅಥವಾ ಹೆಚ್ಚು ಅಂಕ ಬಂದ ಎಪಿ ಸಾಮಾನ್ಯ ಶಿಕ್ಷಣದ ಆಯಾ ವಿಭಾಗವನ್ನು ತುಂಬುತ್ತದೆ. ಎಪಿ ಇಂಗ್ಲಿಷ್ ಮೊದಲ ಬರವಣಿಗೆ ತರಗತಿಗೆ ಸಲ್ಲುತ್ತದೆ, ವಿಮರ್ಶಾತ್ಮಕ ಚಿಂತನೆಯ ಎರಡನೆಯದಕ್ಕೆ ಸಲ್ಲುವುದಿಲ್ಲ. ಭಾಷಣದ ತರಗತಿಗೆ ಎಪಿ ಎಂಬುದೇ ಇಲ್ಲ. ಸಾಮಾನ್ಯ ಶಿಕ್ಷಣಕ್ಕೆ ಒಪ್ಪಿಗೆಯಾದ ಅಂಕ ಮೇಜರಿಗೂ ಒಪ್ಪಿಗೆಯಾಗುತ್ತದೆ ಎಂದುಕೊಳ್ಳುವುದು ಇನ್ನೊಂದು ತಪ್ಪು. ಕ್ಯಾಲ್ಕುಲಸ್ಸಿನಲ್ಲಿ ಮೂರು ಬಂದವನು ಗಣಿತದ ವಿಭಾಗ ಮುಗಿಸಿದ್ದರೂ, ಅವನು ಬಯಸುವ ಇಂಜಿನಿಯರಿಂಗ್ ವಿಭಾಗ ನಾಲ್ಕೋ ಐದೋ ಕೇಳಬಹುದು. ಅಂಥವನು ಕ್ಯಾಲ್ಕುಲಸ್ ಒಂದನ್ನು ಮತ್ತೆ ಓದುವುದರಲ್ಲಿ ಅವಮಾನವೇನೂ ಇಲ್ಲ, ಎರಡನೆಯದರಲ್ಲಿ ಎಡವುವುದಕ್ಕಿಂತ ಅದು ಮೇಲು.

ಮೂರನೆಯ ದಾರಿ: ಎಡಿಟಿ ಪದವಿ

2010ರ ಎಸ್‌ಬಿ 1440 ಕಾಯಿದೆಯಿಂದ ಹುಟ್ಟಿದ ಈ ಅಸೋಸಿಯೇಟ್ ಪದವಿಯನ್ನು ಸಿಎಸ್‌ಯು ಟ್ರಾನ್ಸ್‌ಫರ್‌ಗಾಗಿಯೇ ರೂಪಿಸಲಾಗಿದೆ. ಸಾಮಾನ್ಯ ಶಿಕ್ಷಣವೂ ಗೊತ್ತುಪಡಿಸಿದ ಮೇಜರ್ ತರಗತಿಗಳೂ ಸೇರಿ 60 ಯೂನಿಟ್. ಇದನ್ನು ಮುಗಿಸಿದವರಿಗೆ ಸಿಎಸ್‌ಯುವಿನಲ್ಲಿ ಸೀಟು ಖಚಿತ, ಅದೇ ಬಗೆಯ ಮೇಜರಿನಲ್ಲಿ ಮತ್ತೆ 60 ಯೂನಿಟ್ ಓದಿದರೆ ಪದವಿ. ಪಿಯುಸಿ ಕಾಂಬಿನೇಷನ್ನಿಗೆ ಹತ್ತಿರವಾದದ್ದು ಇಲ್ಲಿ ಇದೊಂದೇ, ಆದುದರಿಂದಲೇ ತಂದೆತಾಯಿಗಳಿಗೆ ಇದು ಬೇಗ ಹಿಡಿಸುತ್ತದೆ.

ಆದರೆ ಭರವಸೆಯ ಸಣ್ಣ ಅಕ್ಷರಗಳನ್ನು ಓದಬೇಕು. ಸೀಟು ಖಚಿತವಾಗಿರುವುದು ಸಿಎಸ್‌ಯು ವ್ಯವಸ್ಥೆಯಲ್ಲಿ, ನೀವು ಬಯಸಿದ ಕ್ಯಾಂಪಸ್ಸಿನಲ್ಲಲ್ಲ. ಕ್ಯೂಪರ್ಟಿನೋದ ಮನೆಯಿಂದ ಓಡಾಡಿಕೊಂಡು ಸ್ಯಾನ್ ಹೋಸೆ ಸ್ಟೇಟಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಕನಸಿದ್ದರೆ, ಅಲ್ಲಿನ ನೂಕುನುಗ್ಗಲಿನಲ್ಲಿ ಎಡಿಟಿ ಇದ್ದವರೂ ಸರಾಸರಿಯಿಂದಲೇ ಸ್ಪರ್ಧಿಸಬೇಕು. ಸಿಗದಿದ್ದರೆ ವ್ಯವಸ್ಥೆ ತೋರಿಸುವುದು ಮನೆಯಿಂದ ದೂರದ ಬೇರೊಂದು ಕ್ಯಾಂಪಸ್ ಆಗಿರಬಹುದು. ಎಡಿಟಿಯ ಭರವಸೆ ಯೂಸಿಯನ್ನು ಕಟ್ಟಿಹಾಕುವುದಿಲ್ಲ, ಯೂಸಿಗೆ ಬೇಕಾದ ಮೇಜರ್ ತರಗತಿಗಳು ಎಡಿಟಿಯ ಪಟ್ಟಿಯಲ್ಲಿ ಪೂರ್ತಿ ಇರುತ್ತವೆ ಎಂಬ ನಂಬಿಕೆಯೂ ಬೇಡ. ಬಿಸಿನೆಸ್, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಸಂವಹನದಂಥ ಮೇಜರುಗಳಲ್ಲಿ, ಕಡಿಮೆ ಖರ್ಚಿನಲ್ಲಿ, ನಾಲ್ಕು ವರ್ಷದೊಳಗೆ ಪದವಿ ಬೇಕೆಂಬ ಕುಟುಂಬಕ್ಕೆ ಇದಕ್ಕಿಂತ ನೇರವಾದ ದಾರಿ ಇಲ್ಲ. ದುಡಿಯುತ್ತ ಓದುವವರಿಗೂ ನಾನು ಇದನ್ನೇ ಹೇಳುತ್ತೇನೆ.

ಟ್ಯಾಗ್ (ಯೂಸಿಯ ಟ್ರಾನ್ಸ್‌ಫರ್ ಪ್ರವೇಶದ ಭರವಸೆ) ಎಂಬುದು ಬೇರೆ ದಾರಿಯಲ್ಲ, ಮೊದಲೆರಡು ದಾರಿಗಳ ಮೇಲೆ ಹಾಕಬಹುದಾದ ಇನ್ನೊಂದು ಪದರ. ಯೂಸಿಯ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟ ಬಾರ್ಬರ, ಸ್ಯಾಂಟ ಕ್ರೂಜ್ ಕ್ಯಾಂಪಸ್ಸುಗಳು ಗೊತ್ತುಪಡಿಸಿದ ತರಗತಿ ಮತ್ತು ಸರಾಸರಿ ಇದ್ದವರಿಗೆ ಪ್ರವೇಶದ ಭರವಸೆ ಕೊಡುತ್ತವೆ; ಬರ್ಕ್‌ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೋ ಕೊಡುವುದಿಲ್ಲ. ಒಬ್ಬರಿಗೆ ಒಂದೇ ಟ್ಯಾಗ್, ಅರ್ಜಿ ಸೆಪ್ಟೆಂಬರ್ ತಿಂಗಳಲ್ಲಿ ಮಾತ್ರ, ಕೆಲವು ಬೇಡಿಕೆಯ ಮೇಜರುಗಳು ಇದರ ಹೊರಗೆ. ಹೆಚ್ಚಿನ ಕ್ಯಾಂಪಸ್ಸುಗಳು ಅರ್ಜಿಯ ಹೊತ್ತಿಗೆ 30 ಸೆಮಿಸ್ಟರ್ ಯೂನಿಟ್ ಮುಗಿದಿರಬೇಕೆನ್ನುವುದರಿಂದ, ಮೊದಲ ವರ್ಷ 24 ಯೂನಿಟ್ ಓದಿ ಬೇಸಿಗೆಯಲ್ಲಿ ಮೈಸೂರಿಗೆ ಹೋಗಿಬಂದವರಿಗೆ ಈ ಅವಕಾಶ ಸದ್ದಿಲ್ಲದೆ ಕೈಜಾರುತ್ತದೆ.

ವೀಸಾ ಮತ್ತು ಕಾಲೇಜಿನ ಕ್ಯಾಲೆಂಡರ್

ಎಚ್-4 ವೀಸಾದ (ಎಚ್-1ಬಿ ಉದ್ಯೋಗಿಗಳ ಅವಲಂಬಿತರ ವೀಸಾದ) ಮಕ್ಕಳು ಕ್ಯಾಲಿಫೋರ್ನಿಯದಲ್ಲಿ ನಿವಾಸಿಗಳೆಂದು ಪರಿಗಣಿತರಾಗಬಹುದು, ಆಗ 46 ಡಾಲರಿನ ದರವೇ ಅವರಿಗೂ ಅನ್ವಯಿಸುತ್ತದೆ. ಕಡಿಮೆ ಯೂನಿಟ್ ಓದಲೂ ಅಡ್ಡಿಯಿಲ್ಲ. ಆದರೆ 21 ತುಂಬಿದ ದಿನ ಆ ಅವಲಂಬಿತ ಸ್ಥಾನ ಮುಗಿಯುತ್ತದೆ, ಸಾಮಾನ್ಯವಾಗಿ ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಬದಲಾಗಬೇಕಾಗುತ್ತದೆ. ಇಂಥ ಮಕ್ಕಳಿಗೆ ನಮ್ಮ ಮಗಳು ಕಳೆದುಕೊಂಡಂಥ ಹೆಚ್ಚುವರಿ ವರ್ಷ ಕೇವಲ ಒಂದು ವರ್ಷವಾಗಿ ಉಳಿಯುವುದಿಲ್ಲ. ಸರಪಳಿಯ ತರಗತಿಗಳನ್ನು ಮೊದಲ ವರ್ಷದಲ್ಲೇ ಹಿಡಿಯಬೇಕೆಂಬ ಮಾತು ಅವರಿಗೆ ಎರಡರಷ್ಟು ಸತ್ಯ. ಬೆಂಗಳೂರಿನಿಂದ ಎಫ್-1ರಲ್ಲಿ ನೇರವಾಗಿ ಬಂದವರು ಪ್ರತಿ ಟರ್ಮಿಗೆ ಕನಿಷ್ಠ 12 ಯೂನಿಟ್ ಓದಬೇಕು, ಆ 12ರಲ್ಲಿ ಪೂರ್ತಿ ಆನ್‌ಲೈನ್ ತರಗತಿ ಒಂದಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ, ಯೂನಿಟ್ಟಿನ ದರವೂ ಹಲವು ಪಟ್ಟು. ಕಷ್ಟವೆನಿಸಿದ ತರಗತಿಯನ್ನು ನಡುವೆ ಬಿಟ್ಟು 12ರ ಕೆಳಗಿಳಿದರೆ ವೀಸಾಕ್ಕೇ ತೊಂದರೆಯಾಗುವುದರಿಂದ, ಅವರ ಮೊದಲ ಸೆಮಿಸ್ಟರಿನಲ್ಲಿ ಕಠಿಣವಾದದ್ದು ಎರಡು ಸಾಕು.

ಡಿ ಆಂಜಾ ಮತ್ತು ಫುಟ್‌ಹಿಲ್ ಕ್ವಾರ್ಟರ್ ಪದ್ಧತಿಯವು, ಸುತ್ತಲಿನ ಉಳಿದವು ಬಹುಪಾಲು ಸೆಮಿಸ್ಟರ್ ಪದ್ಧತಿಯವು. ಕ್ವಾರ್ಟರಿನಲ್ಲಿ ವರ್ಷಕ್ಕೆ ಮೂರು ಸಲ ತರಗತಿ ಆರಿಸಬಹುದಾದುದರಿಂದ ಸರಪಳಿಯ ಒಂದು ಕೊಂಡಿ ತಪ್ಪಿದರೆ ಕಾಯುವ ಕಾಲ ಕಡಿಮೆ. ಆದರೆ ಹನ್ನೆರಡು ವಾರಗಳಲ್ಲಿ ಎಲ್ಲ ಮುಗಿಯುವ ವೇಗಕ್ಕೆ ಹೈಸ್ಕೂಲಿನಿಂದ ಬಂದವರು ಹೊಂದಿಕೊಳ್ಳುವಷ್ಟರಲ್ಲಿ ಮೊದಲ ಮಿಡ್‌ಟರ್ಮ್ ಮುಗಿದಿರುತ್ತದೆ. ಸೀಟು ಸಿಗಲಿಲ್ಲವೆಂದು ಕ್ಯಾಲ್ಕುಲಸ್ ಒಂದನ್ನು ಡಿ ಆಂಜಾದಲ್ಲಿಯೂ ಎರಡನ್ನು ಓಲೋನಿಯಲ್ಲಿಯೂ ಓದುವುದು ಸಾಮಾನ್ಯ ತಪ್ಪು. ಕ್ವಾರ್ಟರಿನಲ್ಲಿ ನಾಲ್ಕು ತುಂಡಾಗಿರುವ ವಿಷಯ ಸೆಮಿಸ್ಟರಿನಲ್ಲಿ ಮೂರು ತುಂಡಾಗಿರುತ್ತದೆ, ನಡುವಿನ ಕೆಲವು ಅಧ್ಯಾಯಗಳು ಎರಡೂ ಕಡೆ ತಪ್ಪಿಹೋಗುತ್ತವೆ, ವಿಶ್ವವಿದ್ಯಾಲಯ ಸರಣಿಯನ್ನು ಒಪ್ಪುವಾಗಲೂ ತಕರಾರು ಬರಬಹುದು. ಒಂಟಿ ತರಗತಿಗಳನ್ನು ಎಲ್ಲಿ ಬೇಕಾದರೂ ಓದಿ. ಸರಣಿಯನ್ನು ಮಾತ್ರ ಒಂದೇ ಕಡೆ ಮುಗಿಸಿ. ಎಬಿ 1111 ಕಾಯಿದೆಯಿಂದ ಈಗ ಹಲವು ತರಗತಿಗಳಿಗೆ ರಾಜ್ಯದಾದ್ಯಂತ ಒಂದೇ ಸಂಖ್ಯೆ ಬರುತ್ತಿದೆ, ಮೊದಲ ಇಂಗ್ಲಿಷ್ ತರಗತಿ ಎಲ್ಲ ಕಡೆ ಸಿ1000 ಆಗಿರುವುದು ಅದಕ್ಕಾಗಿಯೇ. ಒಂಟಿ ತರಗತಿಗಳ ಗೊಂದಲ ಇದರಿಂದ ಕಡಿಮೆಯಾಗುತ್ತದೆ.

ಯಾರ ಮೊದಲ ವರ್ಷ ಹೇಗಿರಬಹುದು?

ಇಂಜಿನಿಯರಿಂಗ್ ಅಥವಾ ಕಂಪ್ಯೂಟರ್ ಸೈನ್ಸಿನವರ ಮೊದಲ ಸೆಮಿಸ್ಟರಿಗೆ ಕ್ಯಾಲ್ಕುಲಸ್ ಒಂದು, ಇಂಗ್ಲಿಷ್, ಪ್ರೋಗ್ರಾಮಿಂಗ್, ಜೊತೆಗೆ ಭಾಷಣ. ಎರಡನೆಯದಕ್ಕೆ ಕ್ಯಾಲ್ಕುಲಸ್ ಎರಡು, ಭೌತಶಾಸ್ತ್ರ, ಎರಡನೆಯ ಇಂಗ್ಲಿಷ್. ಒಂದು ಮಾನವಿಕ ಅಥವಾ ಸಮಾಜ ವಿಜ್ಞಾನ ಬೇಸಿಗೆಗೆ. ಜೀವಶಾಸ್ತ್ರ, ಔಷಧ ವಿಜ್ಞಾನದ ಆಸೆಯಿದ್ದವರು ಏನನ್ನು ಬಿಟ್ಟರೂ ಮೊದಲ ಫಾಲ್‌ನಲ್ಲಿ ಸಾಮಾನ್ಯ ರಸಾಯನಶಾಸ್ತ್ರವನ್ನು ಬಿಡಬಾರದು. ಅದಕ್ಕೆ ಪ್ರಿರಿಕ್ವಿಸಿಟ್ (ಸೇರುವ ಮೊದಲೇ ಮುಗಿಸಬೇಕಾದ) ಪರೀಕ್ಷೆ ಇದೆಯೇ ಎಂದು ಜೂನ್ ತಿಂಗಳಲ್ಲೇ ವಿಚಾರಿಸಬೇಕು. ಅರ್ಥಶಾಸ್ತ್ರ, ಬಿಸಿನೆಸ್ಸಿನವರಿಗೆ ಕ್ಯಾಲ್ಕುಲಸ್, ಎರಡು ಅರ್ಥಶಾಸ್ತ್ರ, ಎರಡು ಇಂಗ್ಲಿಷ್ ಮೊದಲ ವರ್ಷದೊಳಗೆ. ಅಕೌಂಟಿಂಗ್ ಎರಡನೆಯ ವರ್ಷಕ್ಕೆ ಹೋದರೆ ಅಡ್ಡಿಯಿಲ್ಲ. ಯಾವ ಕ್ಯಾಂಪಸ್ಸಿನ ಯಾವ ಮೇಜರಿಗೆ ನಿಮ್ಮ ಕಾಲೇಜಿನ ಯಾವ ತರಗತಿ ಸಮ ಎಂಬುದನ್ನು ಅಸಿಸ್ಟ್ ಎಂಬ ಅಧಿಕೃತ ಜಾಲತಾಣದಲ್ಲಿ ವರ್ಷ, ಕಾಲೇಜು, ಕ್ಯಾಂಪಸ್, ಮೇಜರ್ ಆರಿಸಿ ನೋಡಬಹುದು. ಒಂದೇ ಮೇಜರಿಗೆ ಮೂರು ಕ್ಯಾಂಪಸ್ಸುಗಳ ಪಟ್ಟಿಯನ್ನು ಮುದ್ರಿಸಿ ಪಕ್ಕಪಕ್ಕದಲ್ಲಿಟ್ಟು, ಮೂರರಲ್ಲೂ ಇರುವ ತರಗತಿಗಳಿಗೆ ಗೆರೆ ಎಳೆದುಕೊಂಡು ಕೌನ್ಸೆಲರ್ ಬಳಿಗೆ ಹೋದರೆ ಅರ್ಧ ಗಂಟೆಯ ಭೇಟಿ ಸಾರ್ಥಕವಾಗುತ್ತದೆ. ಬರಿಗೈಯಲ್ಲಿ ಹೋದರೆ ಎಲ್ಲರಿಗೂ ಕೊಡುವ ಸಾಮಾನ್ಯ ಪಟ್ಟಿಯೇ ಸಿಗುತ್ತದೆ.

ಇನ್ನು ಏನು ಓದಬೇಕೆಂದೇ ಗೊತ್ತಿಲ್ಲದವರು. ನಮ್ಮವರಲ್ಲಿ ಇದನ್ನು ಬಾಯಿಬಿಟ್ಟು ಹೇಳುವುದು ಕಷ್ಟ, ಆದುದರಿಂದ ಎಷ್ಟೋ ಮಕ್ಕಳು ಕಂಪ್ಯೂಟರ್ ಸೈನ್ಸ್ ಎಂದು ಬರೆದು ಸುಮ್ಮನಾಗುತ್ತಾರೆ. ಅವರಿಗೆ ಕ್ಯಾಲ್-ಗೆಟ್ಸಿ ಸರಿಯಾದ ದಾರಿ, ಆದರೆ ಒಂದು ಬದಲಾವಣೆಯೊಂದಿಗೆ: ಗಣಿತದ ಜಾಗದಲ್ಲಿ ತಮ್ಮ ಕೈಲಾಗುವ ಅತಿ ಮೇಲಿನದನ್ನು, ಸಾಧ್ಯವಿದ್ದರೆ ಕ್ಯಾಲ್ಕುಲಸ್ಸನ್ನೇ ತೆಗೆದುಕೊಳ್ಳಬೇಕು, ವಿಜ್ಞಾನದ ಜಾಗದಲ್ಲಿ ವಿಜ್ಞಾನೇತರರಿಗೆಂದು ಇರುವ ಸುಲಭ ತರಗತಿಯ ಬದಲು ಮೇಜರಿನವರು ಓದುವ ರಸಾಯನಶಾಸ್ತ್ರವನ್ನೋ ಜೀವಶಾಸ್ತ್ರವನ್ನೋ ಆರಿಸಬೇಕು, ಸಮಾಜ ವಿಜ್ಞಾನದ ಜಾಗದಲ್ಲಿ ಕುತೂಹಲವಿರುವ ಶಾಸ್ತ್ರವೊಂದನ್ನು. ಇಂಥ ಪಟ್ಟಿಯೊಂದಿಗೆ ಮೊದಲ ಸೆಮಿಸ್ಟರ್ ಮುಗಿಸಿದ ಹುಡುಗಿ ಡಿಸೆಂಬರಿನಲ್ಲಿ ಮೂರು ದಾರಿಗಳಲ್ಲಿ ಯಾವುದಕ್ಕೆ ಹೊರಳಿದರೂ ಅವಳ ಒಂದು ಯೂನಿಟ್ಟೂ ಹಾಳಾಗಿರುವುದಿಲ್ಲ, ಸ್ಪ್ರಿಂಗ್ ಸೆಮಿಸ್ಟರಿನ ನೋಂದಣಿಗೆ ಇನ್ನೂ ಸಮಯವಿರುತ್ತದೆ.